ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಕ್ಲೈಂಟ್ ಸೀಕ್ರೆಟ್ ಎಲ್ಲಿ ಬಚ್ಚಿಡಬೇಕು?

ಗೂಗಲ್ ಡ್ರೈವ್‌ಗೆ ಕಡತ ಏರಿಸುವ ವಿಂಡೋಸ್ ತಂತ್ರಾಂಶ ಬರೆಯುತ್ತಿದ್ದೇನೆ, ಲಾಗಿನ್ ಪುಟವನ್ನು ಅದರೊಳಗೇ ತೋರಿಸಬಹುದೇ, ಕ್ಲೈಂಟ್ ಸೀಕ್ರೆಟ್ (ತಂತ್ರಾಂಶ ತಾನು ಯಾರೆಂದು ಗೂಗಲ್‌ಗೆ ತೋರಿಸುವ ಗುಟ್ಟಿನ ಪದ) ಎಲ್ಲಿ ಬಚ್ಚಿಡಲಿ ಎಂದು ಕೇಳಿದ್ದೀರಿ. ಎರಡನೆಯದನ್ನು ಮೊದಲು ಹೇಳುತ್ತೇನೆ: ಎಲ್ಲಿಯೂ ಬಚ್ಚಿಡಲಾಗದು. ಜನರ ಕೈಗೆ ಕೊಟ್ಟ ಕಡತದೊಳಗಿನ ಗುಟ್ಟನ್ನು ಯಾರು ಬೇಕಾದರೂ ಹೊರತೆಗೆಯಬಹುದು. ಎನ್‌ಕ್ರಿಪ್ಟ್ ಮಾಡಿದರೂ ಬಿಡಿಸುವ ಕೀಲಿ ಅಲ್ಲೇ ಇರಬೇಕಲ್ಲ! ಗೂಗಲ್ ಡೆಸ್ಕ್‌ಟಾಪ್ ತಂತ್ರಾಂಶಕ್ಕೂ ಒಂದು ಸೀಕ್ರೆಟ್ ಕೊಡುತ್ತದೆ, ನಿಜ. ಆದರೆ ಇಲ್ಲಿ ಅದು ಗುಟ್ಟಾಗಿ ಉಳಿಯುತ್ತದೆಂದು ಗೂಗಲ್ ಕೂಡ ನಂಬಿಲ್ಲ.

ಭದ್ರತೆ ಬರುವುದು ಪಿಕೆಸಿಇಯಿಂದ (PKCE), ಅಂದರೆ ಲಾಗಿನ್ ಆರಂಭಿಸಿದ ತಂತ್ರಾಂಶವೇ ಅದನ್ನು ಮುಗಿಸುತ್ತಿದೆ ಎಂದು ತೋರಿಸುವ ವಿಧಾನದಿಂದ. 2015ರ ಆರ್‌ಎಫ್‌ಸಿ 7636 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆ ವಿವರಿಸುವುದು ಇದನ್ನೇ. ಪ್ರತಿ ಲಾಗಿನ್‌ಗೂ 43ರಿಂದ 128 ಅಕ್ಷರಗಳ, ಯಾರೂ ಊಹಿಸಲಾಗದ ಹೊಸ ಸರಣಿಯೊಂದನ್ನು ಸೃಷ್ಟಿಸಿ, ಮೊದಲಿಗೆ ಅದರ ಎಸ್‌ಎಚ್‌ಎ-256 ಹ್ಯಾಶ್ (ಮೂಲವನ್ನು ಮರಳಿ ಪಡೆಯಲಾಗದ ಗುರುತು) ಮಾತ್ರ ಕಳುಹಿಸಿ. ಲಾಗಿನ್ ಆದ ಮೇಲೆ ಗೂಗಲ್ ಕೊಡುವ ತಾತ್ಕಾಲಿಕ ಕೋಡ್ ಒಪ್ಪಿಸಿ, ಡ್ರೈವ್ ಬಳಸಲು ಬೇಕಾದ ಟೋಕನ್ ಪಡೆಯುವಾಗ ಮೂಲ ಸರಣಿಯನ್ನು ಒಪ್ಪಿಸಿ. ನಡುವೆ ಯಾರಾದರೂ ಕೋಡ್ ಕದ್ದರೂ ಸರಣಿ ಇಲ್ಲದೆ ಅವರಿಗೆ ಟೋಕನ್ ಸಿಗದು.

ಲಾಗಿನ್ ಪುಟವನ್ನು ಒಳಗೆ ತೋರಿಸುವುದು ದಯವಿಟ್ಟು ಬೇಡ. ಹಾಗೆ ಮಾಡಿದರೆ ಬಳಕೆದಾರರು ಒತ್ತುವ ಪ್ರತಿ ಕೀಲಿಯನ್ನೂ ನಿಮ್ಮ ತಂತ್ರಾಂಶ ಓದಬಲ್ಲದು. ವಿಳಾಸಪಟ್ಟಿ ಕಾಣದ ಜಾಗದಲ್ಲಿ ಪಾಸ್‌ವರ್ಡ್ ಬರೆಯುವ ಅಭ್ಯಾಸವನ್ನೂ ಅವರಿಗೆ ಹಚ್ಚಿದಂತಾಗುತ್ತದೆ. ನೀವು ಪ್ರಾಮಾಣಿಕರೇ ಇರಬಹುದು, ಮುಂದಿನ ತಂತ್ರಾಂಶ ಬರೆದವರು ಹಾಗಿರಬೇಕೆಂದಿಲ್ಲ. ಗೂಗಲ್ ಇಂಥ ಲಾಗಿನ್‌ಗಳನ್ನು ತಡೆಯುತ್ತದೆ. 2017ರ ಆರ್‌ಎಫ್‌ಸಿ 8252 ಸೂಚಿಸುವಂತೆ ಕಂಪ್ಯೂಟರಿನ ಮಾಮೂಲಿ ಬ್ರೌಸರ್ ತೆರೆಯಿರಿ. 127.0.0.1ರಲ್ಲಿ (ಅಂದರೆ ಅದೇ ಕಂಪ್ಯೂಟರಿನಲ್ಲಿ) ಖಾಲಿ ಇರುವ ಯಾವುದಾದರೂ ಪೋರ್ಟ್ ಹಿಡಿದು ಉತ್ತರಕ್ಕೆ ಕಾಯಿರಿ, ಬಂದೊಡನೆ ಮುಚ್ಚಿರಿ. ಉತ್ತರದ ಜೊತೆ ಬರುವ ಸ್ಟೇಟ್ ಮೌಲ್ಯ (ಲಾಗಿನ್ ಕೋರಿಕೆಯ ಜೊತೆ ಕಳುಹಿಸುವ, ಊಹಿಸಲಾಗದ ಗುರುತು) ನೀವು ಕಳುಹಿಸಿದ್ದೇ ಹೌದೇ ಎಂದು ಪರೀಕ್ಷಿಸಲು ಮರೆಯದಿರಿ.

ನಿಜಕ್ಕೂ ಕಾಪಾಡಬೇಕಾದದ್ದು ರಿಫ್ರೆಶ್ ಟೋಕನ್, ಅಂದರೆ ಮತ್ತೆ ಲಾಗಿನ್ ಆಗದೆಯೇ ಹೊಸ ಟೋಕನ್ ಪಡೆಯಲು ಬಳಸುವುದು. ಅದನ್ನು ಜೇಸನ್ ಕಡತದಲ್ಲಿ ಬರೆದಿಡಬೇಡಿ. ಪಾಸ್‌ವರ್ಡ್‌ಗಳನ್ನು ಭದ್ರವಾಗಿಡುವ ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಒಪ್ಪಿಸಿ. ಮ್ಯಾಕ್‌ನಲ್ಲಾದರೆ ಕೀಚೈನ್. ಅನುಮತಿಯನ್ನೂ ಕಡಿಮೆ ಕೇಳಿ: ಕಡತ ಏರಿಸುವುದಷ್ಟೇ ಕೆಲಸವಾದರೆ ಡ್ರೈವ್.ಫೈಲ್ (drive.file) ಸ್ಕೋಪ್, ಅಂದರೆ ಆ ಮಟ್ಟದ ಅನುಮತಿ ಸಾಕು, ಇಡೀ ಡ್ರೈವ್ ಓದುವ ಹಕ್ಕು ನಿಮಗೇಕೆ?

ಇನ್ನೊಂದು ವಿಷಯ. ಗೂಗಲ್ ಕನ್ಸೋಲ್‌ನಲ್ಲಿ ನಿಮ್ಮ ಯೋಜನೆ ‘ಟೆಸ್ಟಿಂಗ್’ ಸ್ಥಿತಿಯಲ್ಲಿರುವವರೆಗೆ ಈ ರಿಫ್ರೆಶ್ ಟೋಕನ್ 7 ದಿನಕ್ಕೆ ಸಾಯುತ್ತದೆ. ವಾರ ಕಳೆದು ಎಲ್ಲರೂ ಲಾಗ್‌ಔಟ್ ಆದರೆ ನಿಮ್ಮ ಪ್ರೋಗ್ರಾಮ್ ಕೆದಕುವ ಮೊದಲು ಆ ಸ್ಥಿತಿಯನ್ನು ನೋಡಿ.