ಕಾಯಿಲೆಯೇನು ಪಂದ್ಯವೇ, ಮೇಷ್ಟ್ರೇ?

ಶಿರಸಿಯ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಪತ್ರ: 'ನೆದರ್‌ಲೆಂಡ್ಸಿನ ಈಜುಗಾರ ಮಾರ್ಟನ್ ವಾನ್ ಡೆರ್ ವೈಡೆನ್ ಬರೀ ಮನೋಬಲದಿಂದ ಕ್ಯಾನ್ಸರ್ ಗೆದ್ದು ಒಲಿಂಪಿಕ್ ಚಿನ್ನ ತಂದರು. ನಮ್ಮ ಹುಡುಗರು ನೆಗಡಿಗೇ ಮಲಗುತ್ತಾರೆ. ಇಂಥ ಸಾಧಕರ ಕಥೆ ವಾರಕ್ಕೊಂದು ಹಾಕಿ.'

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ದುಂಡು ಅಕ್ಷರ ನೋಡಿಯೇ ಖುಷಿಯಾಯ್ತು. ಮನೋಬಲ ಬೇಕು, ಒಪ್ಪಿದೆ. ತಿಂಗಳುಗಟ್ಟಲೆ ಕೀಮೋ ತಡೆದುಕೊಳ್ಳೋಕೆ ಧೈರ್ಯ ಬೇಕೇ ಬೇಕು. ಆದರೆ ನೀವು ಸಾಕ್ಷಿಗೆ ಕರೆದವರೇ ನಿಮ್ಮ ವಿರುದ್ಧ ಸಾಕ್ಷಿ ಹೇಳಿಬಿಟ್ಟಿದ್ದಾರಲ್ಲ!

ಮಾರ್ಟನ್‌ಗೆ 2001ರಲ್ಲಿ ರಕ್ತದ ಕ್ಯಾನ್ಸರ್ ಬಂತು. ಆಗ ಇಪ್ಪತ್ತರ ಆಸುಪಾಸು. ಕೀಮೋ ಆಯ್ತು, ಕಾಂಡಕೋಶ ಕಸಿಯೂ (ರಕ್ತ ಹುಟ್ಟಿಸುವ ಮೂಲಕೋಶಗಳನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆ) ಆಯ್ತು. 2008ರ ಬೀಜಿಂಗ್‌ನಲ್ಲಿ 10 ಕಿಲೋಮೀಟರ್ ಈಜು ಮೊದಲ ಸಲ ಒಲಿಂಪಿಕ್ಸ್‌ಗೆ ಸೇರಿತ್ತು. ಸುಮಾರು ಎರಡು ಗಂಟೆಯ ಈಜು. ಬ್ರಿಟನ್ನಿನ ಡೇವಿಡ್ ಡೇವಿಸ್ ಮುಂದೆ ಹೋಗ್ತಾ ಇದ್ದರೆ ಇವರು ಗುಂಪಿನಲ್ಲೇ ತೇಲಿಕೊಂಡು ಶಕ್ತಿ ಉಳಿಸಿಕೊಂಡರು. ಕೊನೆಯಲ್ಲಿ ನುಗ್ಗಿ ಒಂದೂವರೆ ಸೆಕೆಂಡಿನಿಂದ ಗೆದ್ದರು. ಆಮೇಲೆ ಹೇಳಿದ್ದೇನು? ಆಸ್ಪತ್ರೆಯ ಹಾಸಿಗೆಯಲ್ಲಿ ಸುಮ್ನೆ ಮಲಗಿ ಕಾಯುವುದನ್ನು ಕಲಿತೆ, ಇವತ್ತೂ ಅದನ್ನೇ ಮಾಡಿದೆ ಅಂತ. ಹೋರಾಡಿದೆ ಅನ್ನಲಿಲ್ಲ, ಕಾದೆ ಅಂದರು! ಧನಾತ್ಮಕವಾಗಿ ಯೋಚಿಸಿದರೆ ಕ್ಯಾನ್ಸರ್ ಸೋಲುತ್ತೆ ಅನ್ನೋ ಸೈಕಲ್ ವೀರ ಆರ್ಮ್‌ಸ್ಟ್ರಾಂಗ್‌ರ ಮಾತು ಅಪಾಯಕಾರಿ ಅಂತಲೂ ಹೇಳಿದರು. ಹಾಗಾದರೆ ಸತ್ತವರು ಸರಿಯಾಗಿ ಯೋಚಿಸಲಿಲ್ಲ ಅಂತಾಗುತ್ತೆ, ಅಲ್ವಾ?

ನನ್ನ ಸೋದರತ್ತೆ ತೀರಿಕೊಂಡಾಗ ಇದೇ ಆಯ್ತು. ವೈಕುಂಠ ಸಮಾರಾಧನೆಯ ಪಂಕ್ತಿ. ಎಲೆಗೆ ಹೋಳಿಗೆ ಬಿದ್ದಿದೆ, ತುಪ್ಪ ಬರ್ತಾ ಇದೆ. ಪಕ್ಕದವರು ಕೈ ಒಡ್ಡಿ ತುಪ್ಪ ಹಾಕಿಸಿಕೊಳ್ಳುತ್ತಾ, "ಪಾಪ, ಸ್ವಲ್ಪ ಧೈರ್ಯ ತಗೊಂಡಿದ್ರೆ ಉಳೀತಿದ್ಲು" ಅಂದರು. ಕೂದಲೆಲ್ಲ ಉದುರಿದ ಮೇಲೂ ಸೆರಗು ಹೊದ್ದು ಬೆಳಿಗ್ಗೆ ಎಲ್ಲರಿಗೂ ಕಾಫಿ ಸೋಸುತ್ತಿದ್ದ ಹೆಂಗಸು ಅದು. ಇನ್ನೆಷ್ಟು ಧೈರ್ಯ ಬೇಕಿತ್ತೋ.

2018ರಲ್ಲಿ ಮಾರ್ಟನ್ ತಮ್ಮ ದೇಶದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹನ್ನೊಂದು ಊರುಗಳ ಕಾಲುವೆ ದಾರಿಯನ್ನು ಈಜಲು ಹೊರಟು 163 ಕಿಲೋಮೀಟರಿಗೆ ಕೈಚೆಲ್ಲಿದರು. ದೇಹ ಆಗಲ್ಲ ಅಂತು. ಮರುವರ್ಷ 195 ಕಿಲೋಮೀಟರ್ ಮುಗಿಸಿದರು. ಎರಡು ಸಲವೂ ಎತ್ತಿದ ದುಡ್ಡು ಹೋದದ್ದು ಕ್ಯಾನ್ಸರ್ ಸಂಶೋಧನೆಗೆ. ಛಲವೇ ಸಾಕು ಅಂತಿದ್ದರೆ ಪ್ರಯೋಗಾಲಯಕ್ಕೆ ಯಾಕೆ ದುಡ್ಡು ಕೊಡಬೇಕಿತ್ತು?

ನಮಗೆಲ್ಲ ಪದಕದ ಹಪಾಹಪಿ ಜಾಸ್ತಿ. ಜಪಾನಿನ ಈಜುಗಾರ್ತಿ ರಿಕಾಕೊ ಇಕೀ 2018ರ ಏಷ್ಯನ್ ಗೇಮ್ಸ್‌ನಲ್ಲಿ 6 ಚಿನ್ನ ಗೆದ್ದ ಹುಡುಗಿ. 2019ರ ಫೆಬ್ರವರಿಯಲ್ಲಿ ಆಕೆಗೂ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ ಅಲ್ಲಿನ ಒಲಿಂಪಿಕ್ಸ್ ಮಂತ್ರಿ, ಚಿನ್ನದ ಆಸೆಯಿತ್ತು, ನಿರಾಶೆಯಾಯ್ತು ಅಂದುಬಿಟ್ಟರು! ಛೀಮಾರಿ ಬಿದ್ದ ಮೇಲೆ ಕ್ಷಮೆ ಕೇಳಿದರು. ನಾವು ಪತ್ರಿಕೆಯವರೂ ಕಮ್ಮಿಯಿಲ್ಲ. ವಾಸಿಯಾದವರ ನಗುಮುಖವನ್ನು ಮುಖಪುಟಕ್ಕೆ ಹಾಕ್ತೀವಿ. ಚಿಕಿತ್ಸೆಗೆ ಅಡಿಕೆ ತೋಟ ಮಾರಿದವರ ಸುದ್ದಿಗೆ ಒಳಪುಟದಲ್ಲೂ ಜಾಗ ಇಲ್ಲ.

ಜಪಾನಿನ ಜನ ಮಾತ್ರ ಮಂತ್ರಿಗಿಂತ ಜಾಣರು. ರಿಕಾಕೊ ಸುದ್ದಿ ಕೇಳಿ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತ ತಯಾರಾಗುವ ಮೆದು ಭಾಗ) ದಾನಿಗಳ ಪಟ್ಟಿಗೆ ಹೆಸರು ಬರೆಸೋಕೆ ಮುಗಿಬಿದ್ದರು. ರಕ್ತದ ಕ್ಯಾನ್ಸರಿನ ಎಷ್ಟೋ ಮಂದಿಗೆ ಕಸಿಗಾಗಿ ಬೇಕಾಗುವುದು ಅಂಗಾಂಶದ ಗುಣ ಹೊಂದುವ ದಾನಿ. ಸ್ವಂತ ಅಣ್ಣನೋ ತಂಗಿಯೋ ಪೂರ್ತಿ ಹೊಂದುವ ಸಾಧ್ಯತೆಯೇ ನಾಲ್ಕರಲ್ಲಿ ಒಂದು. ನಮ್ಮಲ್ಲೂ ದಾನಿಗಳ ಪಟ್ಟಿಗಳಿವೆ. ಹೆಸರು ಬರೆಸೋಕೆ ಹತ್ತಿಕಡ್ಡಿಯಲ್ಲಿ ಕೆನ್ನೆಯ ಒಳಗೆ ಒರೆಸಿ ಕೊಟ್ಟರಾಯ್ತು.

ನೀವು ಕೇಳಿದ ಅಂಕಣ ಶುರು ಮಾಡೋಣ ಮೇಷ್ಟ್ರೇ. ಅದಕ್ಕೂ ಮುಂಚೆ, ನೆಗಡಿಗೆ ಮಲಗೋ ನಿಮ್ಮ ಹಳೇ ಶಿಷ್ಯರನ್ನೆಲ್ಲ ಒಂದು ದಿನ ಶಾಲೆಗೆ ಕರೆಸಿ, ಆ ಕಡ್ಡಿ ಕೊಡಿಸಿ. ಎಷ್ಟು ಜನ ಬಂದರು ಅಂತ ಬರೆಯಿರಿ. ಆ ಪತ್ರವನ್ನು ಒಂದಕ್ಷರ ಕತ್ತರಿಸದೆ ಹಾಕ್ತೇನೆ.