ಐಡಿ ಬ್ಲಾಕ್ ಆಗುವ ಭಯ, ತೀರದ ದಣಿವು

ಪ್ರಶ್ನೆ: ಮಾನ್ಯರೆ, ನಾನು ಕಲಬುರಗಿ ಜಿಲ್ಲೆಯವನು. ಪುಣೆಯ ಹಡಪಸರದಲ್ಲಿ ಮನೆಮನೆಗೆ ಊಟದ ಪಾರ್ಸೆಲ್ ತಲುಪಿಸುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಲಾಗಿನ್ ಆದರೆ ಮನೆ ಸೇರುವುದು ನಡುರಾತ್ರಿಗೆ. ರೇಟಿಂಗ್ ಇಳಿದು ಐಡಿ ಬ್ಲಾಕ್ ಆದೀತೆಂದು ರಜೆ ಮಾಡಲೂ ಹೆದರಿಕೆ. ಈಚೆಗೆ ನಿದ್ದೆ ಬರುವುದಿಲ್ಲ, ಮಕ್ಕಳು ಮಾತನಾಡಿಸಿದರೂ ಸಿಡುಕುತ್ತೇನೆ. ಬೇರೆ ಕೆಲಸ ಸಿಗುವವರೆಗೆ ಹೇಗೆ ತಾಳಿಕೊಳ್ಳಲಿ?
(ಹೆಸರು ಪ್ರಕಟಿಸಬೇಡಿ, ಪುಣೆ)

ಉತ್ತರ: ಈ ದಣಿವು ನಿಮ್ಮ ಮನಸ್ಸಿನ ದೌರ್ಬಲ್ಯವೆಂದು ದಯವಿಟ್ಟು ತಿಳಿಯಬೇಡಿ. ಕೆಲಸದ ಒತ್ತಡ ತಗ್ಗದೆ ಬಹುಕಾಲ ಮುಂದುವರಿದಾಗ ಉಂಟಾಗುವ ಬರ್ನ್‌ಔಟ್ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಕಾಯಿಲೆಯೆಂದು ಕರೆಯದಿದ್ದರೂ, ಉದ್ಯೋಗದಿಂದಲೇ ಬರುವ ಸಮಸ್ಯೆಯೆಂದು ಗುರುತಿಸಿದೆ.

ಇನ್ಸೆಂಟಿವ್‌ಗೆ ಇನ್ನೆರಡೇ ಆರ್ಡರ್ ಬಾಕಿ ಎಂದು ಆ್ಯಪ್ ತೋರಿಸುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತದೆ. ಆ ಎರಡಕ್ಕಾಗಿ ಹೋಟೆಲಿನ ಮುಂದೆ ಕಾದ ಸಮಯವೂ ದೂರದಿಂದ ಖಾಲಿ ಗಾಡಿಯಲ್ಲಿ ಹಿಂದಿರುಗುವ ಪೆಟ್ರೋಲೂ ನಿಮ್ಮ ತಲೆಯ ಮೇಲೇ ಬೀಳುತ್ತವೆ. ಆದ್ದರಿಂದ ಒಂದು ವಾರ ಪ್ರತಿ ಗಂಟೆಯ ಗಳಿಕೆಯನ್ನು ಬರೆದಿಟ್ಟು, ಪೆಟ್ರೋಲು, ಗಾಡಿಯ ರಿಪೇರಿ, ಮೊಬೈಲ್ ರೀಚಾರ್ಜ್ ಕಳೆದು ನೋಡಿ. ಗಳಿಕೆಯ ಹೆಚ್ಚಿನ ಪಾಲು ಮಧ್ಯಾಹ್ನ ಮತ್ತು ರಾತ್ರಿಯ ಊಟದ ಹೊತ್ತಿನಲ್ಲೇ ಬರುತ್ತಿದ್ದರೆ, ನಡುವೆ ಲಾಗೌಟ್ ಆಗಿ ಮನೆಯಲ್ಲಿ ಮಲಗಿಕೊಳ್ಳಿ. ಲಾಗಿನ್ ಅವಧಿಯ ಷರತ್ತಿದ್ದರೆ ಇನ್ಸೆಂಟಿವ್ ತಪ್ಪಬಹುದು, ನಿಜ. ಆದರೆ ನಿದ್ದೆಗೆಟ್ಟ ಕಣ್ಣಿನಲ್ಲಿ ಸೋಲಾಪುರ ರಸ್ತೆಯಲ್ಲಿ ಗಾಡಿ ಓಡಿಸುವುದಕ್ಕಿಂತ ಆ ನಷ್ಟವೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಗಾಡಿಯ ವಿಮೆ ಖಾಸಗಿ ಬಳಕೆಗೆ ಮಾತ್ರ ಇದ್ದರೆ, ಡೆಲಿವರಿ ವೇಳೆಯ ಅಪಘಾತಕ್ಕೆ ಪರಿಹಾರ ನಿರಾಕರಿಸುವ ಸಾಧ್ಯತೆಯಿದೆ. ಪಾಲಿಸಿಯನ್ನು ಇಂದೇ ತೆಗೆದು ಓದಿ.

ಐಡಿಯ ಭಯ ಆಧಾರವಿಲ್ಲದ್ದಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ನಿಮ್ಮಂತೆ ಆ್ಯಪ್ ಮೂಲಕ ಕೆಲಸ ಪಡೆಯುವವರ) ಕಾಯ್ದೆಯ ಪ್ರಕಾರ, ಲಿಖಿತವಾಗಿ ಕಾರಣ ಕೊಟ್ಟು 14 ದಿನ ಮೊದಲೇ ನೋಟಿಸ್ ನೀಡದೆ ಕೆಲಸದಿಂದ ತೆಗೆಯುವಂತಿಲ್ಲ. ನೀವು ದುಡಿಯುವುದು ಮಹಾರಾಷ್ಟ್ರದಲ್ಲಾದ್ದರಿಂದ ಆ ರಕ್ಷಣೆ ನಿಮಗೆ ಸಿಗದು. ಗಡಿ ದಾಟಿ ದುಡಿಯಲು ಬಂದ ನಮ್ಮವರು ಇದರಿಂದ ಹೊರಗುಳಿದಿರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಹೀಗಾಗಿ ಗಳಿಕೆ, ರೇಟಿಂಗ್, ಗ್ರಾಹಕರ ದೂರು, ನೀವು ಕೊಟ್ಟ ಉತ್ತರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆಯೂ ಉಳಿಸಿಕೊಳ್ಳಿ, ಏಕೆಂದರೆ ಐಡಿ ಬ್ಲಾಕ್ ಆದರೆ ಆ್ಯಪಿನೊಳಗಿನ ದಾಖಲೆಯೂ ಕೈತಪ್ಪಬಹುದು.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ, 2020, 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಇಂಥ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಕಾರ್ಮಿಕರ ಭದ್ರತಾ ನಿಧಿಗೆ ಕೊಡಬೇಕೆಂದು ಅದು ಹೇಳುತ್ತದೆ. ನಿಮ್ಮ ಹೆಸರು ದಾಖಲೆಯಲ್ಲಿರಲು ಕೇಂದ್ರ ಸರ್ಕಾರದ ಕಾರ್ಮಿಕ ನೋಂದಣಿ ಜಾಲತಾಣವಾದ ಇ-ಶ್ರಮ್ ಪೋರ್ಟಲ್‌ನಲ್ಲಿ ಪ್ಲಾಟ್‌ಫಾರ್ಮ್ ಕಾರ್ಮಿಕನೆಂದು ನೋಂದಾಯಿಸಿಕೊಳ್ಳಿ, ಅದಕ್ಕೆ ಆಧಾರ್ ಬೇಕು.

ನಿದ್ದೆಯ ವಿಷಯವನ್ನು ಮಾತ್ರ ಮುಂದೂಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಎರಡು ವಾರದೊಳಗೆ ಸುಧಾರಿಸದಿದ್ದರೆ ಸಸೂನ್ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಹೋಗುವಾಗ ಮನೆಯವರನ್ನೂ ಜೊತೆಗೆ ಕರೆದೊಯ್ಯಿರಿ.