ಬಾಡಿಗೆ ಖೋಲಿ, ಹದಿನೆಂಟರ ಮಗ ಮತ್ತು ಕಾನೂನು

ಲೈಂಗಿಕ ವೃತ್ತಿಗೆ ಸಂಬಂಧಿಸಿದ ಕಾನೂನುಗಳ ಬಗ್ಗೆ ಬಂದ ಪತ್ರಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದನ್ನು ಬರೆದವರ ಮಾತಿನಲ್ಲೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು, ನನ್ನ ಗೆಳತಿ ಕೂಡಿ ಒಂದು ಖೋಲಿ ಬಾಡಿಗಿ ಹಿಡದು ಧಂದೆ ಮಾಡತೀವ್ರಿ. ಯಾರ ಜುಲುಮಿನೂ ಇಲ್ಲ, ನಡುವ ಘರವಾಲಿನೂ (ಧಂದೆ ನಡಸಾಕಿ) ಇಲ್ಲ. 2022ರಾಗ ಸುಪ್ರೀಂ ಕೋರ್ಟ್ ಇದು ತಪ್ಪಲ್ಲ ಅಂದದ ಅಂತ ಮೊಬೈಲ್‌ನ್ಯಾಗ ನೋಡಿದೆ. ಆದ್ರೂ ಹೋದ ತಿಂಗಳ ರೇಡ್ ಆತು. ಪರ್ಸಿನಾಗಿದ್ದ ನಿರೋಧ್ ಎಣಿಸಿ ಬರಕೊಂಡ್ರು, ಒಬ್ಬಾಂವ ವಿಡಿಯೊ ತಗದ. ನನ್ನ ಮಗಗ ಈಗ ಹದಿನೆಂಟು ತುಂಬ್ಯಾವ. ಅವನ ಮ್ಯಾಲೂ ಕೇಸ್ ಬೀಳತೈತೇನ್ರಿ?
– ಹೆಸರು ಬೇಡ, ಬೆಳಗಾವಿ ಜಿಲ್ಲೆ

ಉತ್ತರ: ಅಕ್ಕಾ, ನೀವು ನೋಡಿದ ಸುದ್ದಿ ಅರ್ಧ ನಿಜ. 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಲ್ಲಿ, ಅಂದರೆ ಪೊಲೀಸರು ಹೇಳುವ ಐಟಿಪಿಎಯಲ್ಲಿ, ಪ್ರಾಯಕ್ಕೆ ಬಂದ ಹೆಣ್ಣುಮಗಳು ಸ್ವಂತ ಇಚ್ಛೆಯಿಂದ ಈ ವೃತ್ತಿ ಮಾಡುವುದೇ ಅಪರಾಧ ಎಂದು ಎಲ್ಲೂ ಬರೆದಿಲ್ಲ. ಅದರ ಸುತ್ತಮುತ್ತಲಿನದೆಲ್ಲ ಅಪರಾಧ. ಬೀದಿಯಲ್ಲಿ ಗಿರಾಕಿಯನ್ನು ಕರೆದರೆ ಅಪರಾಧ. ಗುಡಿ, ಶಾಲೆ, ಆಸ್ಪತ್ರೆಯಿಂದ 200 ಮೀಟರ್ ಒಳಗಿದ್ದರೆ ಅಪರಾಧ. ಇಬ್ಬರು ಹೆಣ್ಣುಮಕ್ಕಳು ತಮ್ಮಿಬ್ಬರ ಲಾಭಕ್ಕೆಂದು ಒಂದು ಜಾಗ ಬಳಸಿದರೂ ಕಾಯ್ದೆಯ ವ್ಯಾಖ್ಯೆಯಲ್ಲಿ ಅದು ವೇಶ್ಯಾಗೃಹವಾಗುತ್ತದೆ. ಕುಡಿದು ಬಂದವನು ಕೈ ಎತ್ತಿದರೆ ಕೂಗಿ ಕರೆಯಲು ಒಬ್ಬಳಿರಲಿ ಎಂದು ನೀವು ಗೆಳತಿಯನ್ನು ಕೂಡಿಕೊಂಡಿರಿ. ಆ ಜೊತೆಯೇ ನಿಮ್ಮನ್ನು ಆರೋಪಿಗಳ ಸಾಲಿಗೆ ತಂದು ನಿಲ್ಲಿಸುತ್ತದೆ.

ಮಗನ ವಿಷಯದಲ್ಲಿ ನಿಮ್ಮ ಭಯಕ್ಕೆ ಆಧಾರವಿದೆ. ಈ ಸಂಪಾದನೆಯಿಂದ ಪೂರ್ತಿಯಾಗಿಯೋ ಭಾಗಶಃವೋ ತಿಳಿದೂ ಜೀವನ ನಡೆಸುವ, ಹದಿನೆಂಟು ದಾಟಿದ ಯಾರಿಗೇ ಆಗಲಿ 4ನೇ ಸೆಕ್ಷನ್ ಎರಡು ವರ್ಷದವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಒಟ್ಟಿಗೆ ವಾಸವಿರುವುದು ಸಾಬೀತಾದರೆ ಕೋರ್ಟು ಹಾಗೆಂದೇ ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊರೆ ಅವನ ಮೇಲೆ ಬೀಳುತ್ತದೆ. ತಲೆಹಿಡುಕರನ್ನು ಹಿಡಿಯಲು ಬರೆದ ಸೆಕ್ಷನ್ ಇದು. ಆದರೆ ರೇಡ್ ದಿನ ಮನೆಯಲ್ಲಿ ಸಿಗುವವರು ಮಗ, ವಯಸ್ಸಾದ ತಾಯಿ. ತಾಯಿ ಫೀಸು ಕಟ್ಟಿದ್ದಕ್ಕೆ ಮಗನನ್ನು ಕಟಕಟೆಗೆ ಎಳೆಯಬಲ್ಲ ಕಾನೂನು ತಿದ್ದುಪಡಿ ಆಗಲೇಬೇಕು ಎಂಬುದು ನನ್ನ ಗಟ್ಟಿ ನಿಲುವು. ಸದ್ಯಕ್ಕೆ ಅವನ ಸ್ಕಾಲರ್‌ಶಿಪ್, ಅವನದೇ ದುಡಿಮೆಯ ಕಾಗದಪತ್ರ ಏನಿದ್ದರೂ ಜೋಪಾನವಾಗಿಡಿ.

ಇನ್ನು 2022ರ ಮೇ 19ರ ಆದೇಶ. 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯ ಮೇಲ್ಮನವಿಯಿಂದ ಬೆಳೆದ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣವದು. ನಿರೋಧ್ ಇಟ್ಟುಕೊಂಡಿದ್ದನ್ನು ಸಾಕ್ಷ್ಯವಾಗಿ ಬಳಸಬಾರದು, ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕು, ರೇಡ್ ಸುದ್ದಿಯಲ್ಲಿ ಮಾಧ್ಯಮಗಳು ಗುರುತು ಬಯಲು ಮಾಡಬಾರದು ಎಂಬ, ತಾನೇ ನೇಮಿಸಿದ್ದ ಸಮಿತಿಯ ಶಿಫಾರಸುಗಳನ್ನು ಪಾಲಿಸುವಂತೆ ಕೋರ್ಟು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆದರೆ ‘ರೇಡ್ ವೇಳೆ ಇಚ್ಛೆಯಿಂದ ಕೆಲಸ ಮಾಡುವವರನ್ನು ಬಂಧಿಸಬಾರದು’ ಎಂಬ ಶಿಫಾರಸಿಗೆ ಕೇಂದ್ರ ಸರ್ಕಾರದ ಆಕ್ಷೇಪವಿತ್ತು, ಅದು ಕಡ್ಡಾಯ ಪಾಲನೆಯ ಪಟ್ಟಿಗೆ ಸೇರಲಿಲ್ಲ. ಟಿವಿಯವರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ‘ತೀರ್ಪು’ ಎಂದುಬಿಟ್ಟರು, ಅದನ್ನು ನಂಬಿ ಧೈರ್ಯ ಮಾಡಿದವರು ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ.

ಇಷ್ಟನ್ನು ನೆನಪಿಡಿ. ಶೋಧಕ್ಕೆ ಬರುವ ತಂಡದಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರಿರಬೇಕು. ಕರೆತರುವ ಸ್ಥಳೀಯ ಪಂಚರಲ್ಲೂ ಒಬ್ಬರು ಹೆಂಗಸಾಗಿರಬೇಕು. ಪಂಚನಾಮೆಯ ಪ್ರತಿ ಕೇಳಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ನಿರೋಧ್ ಮತ್ತು ವಿಡಿಯೊ ಎರಡರ ವಿಷಯವನ್ನೂ ಬರವಣಿಗೆಯಲ್ಲಿ ಕೊಡಿ.

ಪ್ರಶ್ನೆ: ಸ್ವೀಡನ್‌ನಲ್ಲಿ ಕೊಳ್ಳುವ ಗಂಡಸಿಗೆ ಶಿಕ್ಷೆ, ಹೆಣ್ಣಿಗೆ ಇಲ್ಲ. ನಮಗೂ ಅದೇ ನ್ಯಾಯವಾದ ದಾರಿಯಲ್ಲವೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆಯ ಹಿಂದಿನ ಕಾಳಜಿ ನನಗೂ ಇದೆ. 1999ರ ಜನವರಿ 1ರಂದು ಸ್ವೀಡನ್ ಆರಂಭಿಸಿದ್ದನ್ನು ನಾರ್ವೆ, ಫ್ರಾನ್ಸ್, ಐರ್ಲೆಂಡ್ ಒಂದೊಂದಾಗಿ ಹಿಡಿದವು. ಕಾಗದದ ಮೇಲೆ ಹೆಣ್ಣು ಮುಕ್ತಳು. ಬದುಕಿನಲ್ಲಿ? ಐರ್ಲೆಂಡ್ 2017ರಲ್ಲಿ ಗಿರಾಕಿಗೆ ಶಿಕ್ಷೆ ತಂದಾಗ ವೇಶ್ಯಾಗೃಹ ನಡೆಸುವವರ ಶಿಕ್ಷೆಯನ್ನೂ ಹೆಚ್ಚಿಸಿತು. 2019ರಲ್ಲಿ ಒಂದೇ ಮನೆಯಲ್ಲಿ ಕೆಲಸ ಮಾಡುತ್ತಿದ್ದ ರೊಮೇನಿಯಾದ ಇಬ್ಬರು ಯುವತಿಯರಿಗೆ ಆ ಆರೋಪದಲ್ಲಿ ಒಂಬತ್ತು ತಿಂಗಳ ಸೆರೆಯಾಯಿತು. ಒಬ್ಬಳು ಗರ್ಭಿಣಿ. ಬೆಳಗಾವಿಯ ಅಕ್ಕನ ಖೋಲಿಗೂ ಆ ಮನೆಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವೇ ಇಲ್ಲ, ನೋಡಿ. ನಾರ್ವೆಯ ಓಸ್ಲೋದಲ್ಲಿ ಪೊಲೀಸರು ಮನೆ ಮಾಲೀಕರ ಮೇಲೆ ಒತ್ತಡ ಹಾಕಿ ಇಂಥ ಹೆಣ್ಣುಮಕ್ಕಳನ್ನು ಬಾಡಿಗೆ ಮನೆಯಿಂದ ಬಿಡಿಸಿದರು, ಆ ಕಾರ್ಯಾಚರಣೆಗೆ ಇಟ್ಟ ಹೆಸರೇ ‘ಹೋಮ್‌ಲೆಸ್’. ಫ್ರಾನ್ಸ್‌ನಿಂದ 261 ಮಂದಿ ಈ ಬಗೆಯ ಕಾನೂನು ತಮ್ಮ ಜೀವಕ್ಕೆ ಅಪಾಯ ತಂದಿದೆ ಎಂದು ಐರೋಪ್ಯ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2024ರ ಜುಲೈನಲ್ಲಿ ಸೋತರು. ಗಿರಾಕಿಗೆ ಪೊಲೀಸರ ಭಯವಿದ್ದರೆ ಅವನು ಕತ್ತಲು ಮೂಲೆಗೆ ಕರೆಯುತ್ತಾನೆ, ಹೆಸರು ಫೋನ್ ನಂಬರ್ ಕೊಡುವುದಿಲ್ಲ, ಅವನನ್ನು ಅಳೆಯಲು ಅವಳಿಗೆ ಸಮಯವೂ ಸಿಗುವುದಿಲ್ಲ.

ನ್ಯೂಜಿಲೆಂಡನ್ನು ಓದಿ. 2003ರಲ್ಲಿ ಅಲ್ಲಿನ ಸಂಸತ್ತು 60–59 ಮತಗಳಿಂದ ಈ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ನಾಲ್ವರವರೆಗೆ, ಯಾರೂ ಯಾರಿಗೂ ಮಾಲೀಕರಲ್ಲದೆ, ಪರವಾನಗಿಯಿಲ್ಲದೆ ಒಟ್ಟಿಗೆ ಕೆಲಸ ಮಾಡಬಹುದು. ಹಣ ಮಾತಾಡಿದ ಮೇಲೂ ‘ಒಲ್ಲೆ’ ಎನ್ನುವ ಹಕ್ಕನ್ನು ಕಾಯ್ದೆಯೇ ಬರೆದುಕೊಟ್ಟಿದೆ. ಐದು ವರ್ಷದ ನಂತರ ಸರ್ಕಾರಿ ಸಮಿತಿ ಪರಿಶೀಲಿಸಿದಾಗ ಈ ವೃತ್ತಿಯಲ್ಲಿರುವವರ ಸಂಖ್ಯೆ ಏರಿದ್ದು ಕಾಣಲಿಲ್ಲ. 2014ರಲ್ಲಿ ವೆಲ್ಲಿಂಗ್ಟನ್‌ನ ಒಬ್ಬ ಯುವತಿ ತಾನು ಕೆಲಸ ಮಾಡುತ್ತಿದ್ದ ವೇಶ್ಯಾಗೃಹದ ಮಾಲೀಕನ ಮೇಲೆಯೇ ಲೈಂಗಿಕ ಕಿರುಕುಳದ ದೂರು ಕೊಟ್ಟು 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಗೆದ್ದಳು. ಕಚೇರಿಯ ಗುಮಾಸ್ತೆಗಿರುವ ರಕ್ಷಣೆ ಅವಳಿಗೂ ಇದೆ ಎಂದು ನ್ಯಾಯಮಂಡಳಿ ಒಪ್ಪಿತು. ಈ ಪ್ರಕರಣವನ್ನು ನಿಮ್ಮ ತರಗತಿಯಲ್ಲಿ ಚರ್ಚೆಗೆ ತನ್ನಿ.

ಅಲ್ಲಿಯೂ ಒಂದು ದೊಡ್ಡ ಅನ್ಯಾಯ ಉಳಿದಿದೆ. ತಾತ್ಕಾಲಿಕ ವೀಸಾದ ಮೇಲೆ ಹೋದವಳು ಈ ಕೆಲಸ ಮಾಡಿದರೆ ಗಡೀಪಾರು. ಅವಳನ್ನು ಹೊಡೆದ ಗಿರಾಕಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಗೋವಾದ ಬೈನಾದಲ್ಲಿ ಕೆಡವಿದ ಹಾಗೆ ಎಲ್ಲ ಕಡೆ ಇಂಥ ಓಣಿಗಳನ್ನು ತೆರವು ಮಾಡಬೇಕು. ಆಗದಿದ್ದರೆ ಎಲ್ಲರಿಗೂ ಆರೋಗ್ಯ ತಪಾಸಣೆಯ ಕಾರ್ಡ್ ಕಡ್ಡಾಯ ಮಾಡಲಿ. ತಪ್ಪೇನು?
– ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ಮೇಷ್ಟ್ರೇ, ವಾಸ್ಕೋ ಪಕ್ಕದ ಬೈನಾದಲ್ಲಿದ್ದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ನಮ್ಮವರೇ. ಉತ್ತರ ಕರ್ನಾಟಕದವರು, ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಟ್ಟ ಕುಟುಂಬದವರೂ ಇದ್ದರು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲೇ, ಬುಲ್ಡೋಜರ್ ಬಂತು. ವೃತ್ತಿ ನಿಲ್ಲಲಿಲ್ಲ. ಲಾಡ್ಜು, ಬಾರು, ದೂರದ ಬಾಡಿಗೆ ಮನೆಗಳಿಗೆ ಚದುರಿತು. ಒಂದೇ ಓಣಿಯಲ್ಲಿ ಔಷಧಿ, ನಿರೋಧ್ ಹಂಚುತ್ತಿದ್ದ ಕಾರ್ಯಕರ್ತೆಯರಿಗೆ ಅವರು ಎಲ್ಲಿದ್ದಾರೆಂದು ಹುಡುಕುವುದೇ ಕಷ್ಟವಾಯಿತು. ಇಂಡೊನೇಷ್ಯಾದ ಮಲಾಂಗ್‌ನಲ್ಲಿ 2014ರಲ್ಲಿ ಹೀಗೇ ಮುಚ್ಚಿಸಿದಾಗ ಸಂಶೋಧಕರು ರೋಗಪರೀಕ್ಷೆ ಮಾಡಿ ನೋಡಿದರು: ಆ ಹೆಣ್ಣುಮಕ್ಕಳಲ್ಲಿ ಲೈಂಗಿಕ ಸೋಂಕು 58 ಶೇಕಡಾ ಹೆಚ್ಚಿತ್ತು.

ಕಾರ್ಡ್ ವಿಚಾರಕ್ಕೆ ಸೆನೆಗಲ್‌ನ ಅನುಭವವಿದೆ. 1969ರಿಂದ ಅಲ್ಲಿ 21 ದಾಟಿದವರು ನೋಂದಾಯಿಸಿ, ಆರೋಗ್ಯ ಪುಸ್ತಕ ಇಟ್ಟುಕೊಂಡು ತಪಾಸಣೆಗೆ ಹೋಗಬೇಕು. ಆ ಪುಸ್ತಕ ಮನೆಯವರ ಕೈಗೆ ಸಿಕ್ಕರೆ ಬದುಕೇ ಮುಗಿಯಿತೆಂಬ ಹೆದರಿಕೆಯಿಂದ ಹೆಚ್ಚಿನವರು ನೋಂದಣಿಯ ಹೊರಗೇ ಇದ್ದಾರೆ. 2017ರಲ್ಲಿ ನೋಂದಣಿ ಕಡ್ಡಾಯ ಮಾಡಿದ ಜರ್ಮನಿಯಲ್ಲೂ ಹೊರಗುಳಿದವರು ಬೇಕಾದಷ್ಟು. ನಮ್ಮಲ್ಲಿ ಏಡ್ಸ್ ತಡೆಯುವ ಕೆಲಸ ನಡೆದದ್ದು ಬೇರೆ ರೀತಿ. ಕೋಲ್ಕತ್ತದ ಸೋನಾಗಾಛಿಯಲ್ಲಿ, ಮೈಸೂರಿನ ಆಶೋದಯದಲ್ಲಿ ಈ ಹೆಣ್ಣುಮಕ್ಕಳೇ ಸಂಘ ಕಟ್ಟಿ ಒಬ್ಬರನ್ನೊಬ್ಬರು ಕ್ಲಿನಿಕ್ಕಿಗೆ ಕರೆತಂದರು. ಹೆದರಿಸಿ ಯಾರನ್ನೂ ತರಲಿಲ್ಲ.

ಕಾರ್ಡ್ ಕೊಡಿಸಬೇಕೆಂದಿದ್ದರೆ ಆಧಾರ್ ಕೊಡಿಸಲು ನೆರವಾಗಿ. ವಿಳಾಸದ ದಾಖಲೆ ಇಲ್ಲದವರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿಯ ಯೋಜನಾ ನಿರ್ದೇಶಕರ ಪ್ರಮಾಣಪತ್ರ ಸಾಕು, ಇದು 2022ರ ಅದೇ ಆದೇಶದಲ್ಲಿದೆ. ಕಾರ್ಡಿನ ನೋಂದಣಿ ಸಂಖ್ಯೆಯಲ್ಲಿ ಅವರ ವೃತ್ತಿ ತಿಳಿಯುವಂಥ ಯಾವ ಗುರುತನ್ನೂ ಹಾಕುವಂತಿಲ್ಲ ಎಂದೂ ಕೋರ್ಟು ಹೇಳಿದೆ.